ಬಾಗುವ ಸಿಲಿಕಾನ್: ಒಂದು ಚಾರಿತ್ರಿಕ ವಿವೇಚನೆ

ಶಿಲಾಯುಗ, ಕಂಚಿನ ಯುಗ, ಕಬ್ಬಿಣದ ಯುಗ ಎಂದು ಕಾಲವನ್ನು ವಸ್ತುಗಳ ಹೆಸರಿನಿಂದ ವಿಭಾಗಿಸುವುದು ಚರಿತ್ರಕಾರರ ರೂಢಿ. ಈ ರೂಢಿಯ ಮಿತಿಯನ್ನು ತೋರಿಸಲು ಬಾಗುವ ವಿದ್ಯುನ್ಮಾನ ಸಾಧನಗಳ ಇತಿಹಾಸ ಒಳ್ಳೆಯ ನಿದರ್ಶನವೆಂದು ನಾವು ಭಾವಿಸುತ್ತೇವೆ.

ಸಿಲಿಕಾನ್ ಪೆಡಸಾದ ವಸ್ತು. ಸುಮಾರು ಶೇಕಡಾ 1ರಷ್ಟು ಹಿಗ್ಗಿಸಿದರೆ ಸಾಮಾನ್ಯವಾಗಿ ಸೀಳುತ್ತದೆ. ಆದರೂ ಅದರಿಂದ ರಚಿತವಾದ ವಿದ್ಯುನ್ಮಂಡಲಗಳು ಇಂದು ಮನುಷ್ಯನ ಚರ್ಮದೊಡನೆ ಬಾಗಿ ಹಿಗ್ಗಬಲ್ಲವು. ಇದು ಹೇಗೆ ಸಾಧ್ಯವಾಯಿತು?

ನೀಳವಾದ ಕಂಬದ ಮೇಲಿನ ಭಾರ ಒಂದು ಮಿತಿಯನ್ನು ಮೀರಿದರೆ ಅದು ಪಕ್ಕಕ್ಕೆ ಬಳುಕುವುದೆಂದು 1744ರಲ್ಲಿ ಆಯ್ಲರನು ಗಣಿತದಿಂದ ಸಾಧಿಸಿದನು. ಮುಂದಿನ ಎಂಜಿನಿಯರುಗಳಿಗೆ ಈ ಬಳುಕು ವಿನಾಶದ ಮುನ್ಸೂಚನೆ. ಅದನ್ನು ತಡೆಯುವುದಕ್ಕಾಗಿಯೇ ಅವರು ಆ ಗಣಿತವನ್ನು ಬೆಳೆಸಿದರು. 1909ರಲ್ಲಿ ಸ್ಟೋನಿಯು ಉಕ್ಕಿನ ಪಟ್ಟಿಗೆ ನಿಕ್ಕಲ್ ಲೇಪಿಸಿ, ಪಟ್ಟಿ ಬಾಗಿದ ಪ್ರಮಾಣದಿಂದ ಲೇಪದೊಳಗಿನ ಸೆಳೆತವನ್ನು ಅಳೆದನು. ಅವನ ಮುಂದಿದ್ದುದೂ ಲೇಪ ಸುಲಿದುಹೋಗುವ ಸಮಸ್ಯೆಯೇ.

ಹಾಳೆಯನ್ನು ಬಾಗಿಸಿದಾಗ ಹೊರಮೈ ಹಿಗ್ಗುವ ಪ್ರಮಾಣ ಅದರ ದಪ್ಪವನ್ನು ಅನುಸರಿಸುತ್ತದೆ. 0.1 ಮಿಲಿಮೀಟರ್ ದಪ್ಪದ ಸಿಲಿಕಾನ್ ಹಾಳೆಯನ್ನು 5 ಮಿಲಿಮೀಟರ್ ತ್ರಿಜ್ಯಕ್ಕೆ ಬಾಗಿಸಿದರೆ ಹಿಗ್ಗು ಶೇಕಡಾ 1, ಅಪಾಯದ ಅಂಚು. ದಪ್ಪವನ್ನು ಸಾವಿರದಲ್ಲೊಂದು ಪಾಲಿಗಿಳಿಸಿದರೆ ಹಿಗ್ಗೂ ಸಾವಿರದಲ್ಲೊಂದು ಪಾಲಾಗುತ್ತದೆ. ವಿದ್ಯುನ್ಮಂಡಲವನ್ನು ಎರಡು ಪದರಗಳ ನಡುವೆ, ಹಿಗ್ಗದ ಕುಗ್ಗದ ಮಟ್ಟದಲ್ಲಿ ಇರಿಸುವುದರ ಪ್ರಯೋಜನವನ್ನು ಪ್ರಾಧ್ಯಾಪಕ ಝಿಗಾಂಗ್ ಸುವೊ ಮತ್ತು ಸಂಗಡಿಗರು 1999ರಲ್ಲಿ ಪ್ರಿನ್ಸ್‌ಟನ್ನಿನಿಂದ ವಿವರಿಸಿದರು.

ಆದರೆ ಬಾಗುವುದು ಬೇರೆ, ಹಿಗ್ಗುವುದು ಬೇರೆ. ರಬ್ಬರಿನ ಮೇಲಣ ಚಿನ್ನದ ಪೊರೆ ತಣಿಯುವಾಗ ಕ್ರಮವಾಗಿ ನಿರಿಗೆಗಟ್ಟುವುದನ್ನು ಹಾರ್ವರ್ಡಿನ ವಿದ್ವಾಂಸರು 1998ರಲ್ಲಿಯೇ ಪ್ರಕಟಿಸಿದ್ದರು. 2006ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಜಾನ್ ರಾಜರ್ಸ್, ಯೊಂಗ್‌ಗಾಂಗ್ ಹುವಾಂಗ್ ಮತ್ತು ಸಂಗಡಿಗರು, ಎಳೆದು ಹಿಡಿದ ರಬ್ಬರಿಗೆ ಸಿಲಿಕಾನಿನ ತೆಳುಪಟ್ಟಿಗಳನ್ನು ಅಂಟಿಸಿ ರಬ್ಬರನ್ನು ಸಡಿಲಬಿಟ್ಟರು. ಪಟ್ಟಿಗಳು ಸೀಳದೆ ಅಲೆಯಲೆಯಾಗಿ ಬಳುಕಿದವು. ಸೀರೆಯ ನಿರಿಗೆ ಹೆಜ್ಜೆಗೆ ಎಡೆಗೊಡುವಂತೆ, ಮತ್ತೆ ಎಳೆದಾಗ ಈ ಅಲೆಗಳು ಬಿಚ್ಚಿಕೊಳ್ಳುತ್ತವೆ. ಸಿಲಿಕಾನ್ ತಾನು ಹಿಗ್ಗುವುದು ಅತ್ಯಲ್ಪ. ಹೃದಯ, ಸ್ನಾಯು, ಮಿದುಳುಗಳ ವಿದ್ಯುತ್ ಸಂಕೇತಗಳನ್ನು ಗ್ರಹಿಸುವ ಚರ್ಮಸಾಧನ 2011ರಲ್ಲಿ ಪ್ರಕಟವಾಯಿತು.

ಇಲ್ಲಿ ಸಿಲಿಕಾನ್ ಹಿಂದಿನದೇ. ಆಕಾರ ಮಾತ್ರ ಹೊಸದು. ಎರಡೂವರೆ ಶತಮಾನ ಕಾಲ ಕೇಡನ್ನು ತಡೆಯಲೆಂದು ಕಾಪಾಡಿದ ವಿದ್ಯೆಯೇ ಆ ಕೇಡನ್ನು ಉಪಯೋಗಕ್ಕೆ ತಿರುಗಿಸಿತು. ವಸ್ತುಗಳ ಹೆಸರಿನಿಂದಷ್ಟೇ ಯುಗಗಳನ್ನು ಎಣಿಸಿದರೆ ಇಂತಹ ವಿದ್ಯೆಗೆ ನಮ್ಮ ಚರಿತ್ರೆಯಲ್ಲಿ ಸ್ಥಾನ ದೊರೆಯದು.