ಎರಿ ಹೊಲ, ಡಾಂಬರು ದಾರಿ: ಕೆಸರು ಟೈರ್ ಬೆಳೆದು ಬಂದ ಬಗೆ

ತಾರಿಹಾಳದ ಕೈಗಾರಿಕಾ ಪ್ರದೇಶದಿಂದ ಹೊರಟ ಲಾರಿ ಸ್ವಲ್ಪ ಹೊತ್ತಿನಲ್ಲೇ ಹುಬ್ಬಳ್ಳಿ-ಧಾರವಾಡ ಬೈಪಾಸ್ ಹತ್ತುತ್ತದೆ. ಒಂದು ಕಡೆ ಬೆಳಗಾವಿ-ಪುಣೆ, ಇನ್ನೊಂದು ಕಡೆ ದಾವಣಗೆರೆ-ಬೆಂಗಳೂರು. ಎತ್ತ ಹೋದರೂ ಡಾಂಬರು. ಅದೇ ಲಾರಿ ಉಳ್ಳಾಗಡ್ಡಿ ಹಂಗಾಮಿನಲ್ಲಿ ನವಲಗುಂದ, ಅಣ್ಣಿಗೇರಿಯ ಎರಿ ಹೊಲಕ್ಕೆ, ಅಂದರೆ ಕಪ್ಪು ಜೇಡಿ ಮಣ್ಣಿಗೆ, ಇಳಿಯಬೇಕು, ಕಬ್ಬಿನ ಕಾಲಕ್ಕೆ ಕಲಘಟಗಿ, ಹಳಿಯಾಳದ ಕೆಂಪು ಮಣ್ಣಿನ ದಾರಿ ಹಿಡಿಯಬೇಕು. ಧಾರವಾಡ ಜಿಲ್ಲೆಯ ಪೂರ್ವ ಎರಿ ಬಯಲು, ಪಶ್ಚಿಮ ಮಲೆನಾಡಿನ ಸೆರಗು. ಈ ಎರಡಕ್ಕೂ ಹೆದ್ದಾರಿಗೂ ಹೊಂದುವ ಟೈರ್ ಯಾವುದು ಎಂಬ ಪ್ರಶ್ನೆ ಇಲ್ಲಿನ ಲಾರಿ ಮಾಲೀಕರಿಗೆ ಹೊಸದಲ್ಲ. ಟೈರ್ ತಂತ್ರಜ್ಞಾನದ ಇತಿಹಾಸದ ದೊಡ್ಡ ಭಾಗವೂ ಇದೇ ಪ್ರಶ್ನೆಯ ಸುತ್ತ ಬೆಳೆದಿದೆ.

ಹೊಲದಿಂದ ಹುಟ್ಟಿದ ಹಲ್ಲು

ಗಾಳಿ ತುಂಬಿದ ಟೈರಿಗೆ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದರು. ಅದು ಬಳಕೆಗೆ ಬಂದದ್ದು 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಸೈಕಲ್ಲಿಗೆ ಅಳವಡಿಸಿದ ಮೇಲೆ. ಅಂದಿನ ಗುರಿ ಒಂದೇ: ಕುಲುಕಾಟ ತಗ್ಗಬೇಕು. ಮಣ್ಣಿನಲ್ಲಿ ಹಿಡಿತ ಬೇಕೆಂಬ ಒತ್ತಡ ಹೆಚ್ಚಿದ್ದು ಟ್ರ್ಯಾಕ್ಟರಿನಿಂದ. 1932ರಲ್ಲಿ ಅಮೆರಿಕದ ಆಲಿಸ್-ಚಾಮರ್ಸ್ ಕಂಪನಿ ಕಬ್ಬಿಣದ ಗಾಲಿ ಬಿಟ್ಟು ಫೈರ್‌ಸ್ಟೋನ್‌ನ ರಬ್ಬರ್ ಟೈರ್ ಹಾಕಿದ ಟ್ರ್ಯಾಕ್ಟರ್ ತಂದಿತು. ಇಂದು ನಾವು ಕಾಣುವ, ಬಾಣದ ಗುರುತಿನಂತೆ ಓರೆಯಾಗಿ ನಿಂತ ದಪ್ಪ ಹಲ್ಲುಗಳು ಆ ಬಳಿಕ ರೂಢಿಯಾದವು. ಹಲ್ಲು ಮಣ್ಣಿಗೆ ಊರಿ ತಳ್ಳಬೇಕು. ಮೇಲೆದ್ದಾಗ ನಡುವೆ ಸಿಕ್ಕ ಮಣ್ಣನ್ನು ಹೊರಗೆ ಜಾರಿಸಬೇಕು. ಕೆಸರು ಟೈರಿನ ಮೂಲ ಸೂತ್ರ ಇಷ್ಟೇ.

ಎರಡನೇ ಮಹಾಯುದ್ಧ ಇದಕ್ಕೆ ಎರಡು ಪಾಠ ಸೇರಿಸಿತು. ಮುಂದಕ್ಕೂ ಹಿಂದಕ್ಕೂ ಒಂದೇ ಬಗೆಯ ಹಿಡಿತ ಕೊಡುವ ಸೇನಾ ಟೈರುಗಳು ಜೀಪು, ಟ್ರಕ್ಕುಗಳಿಗೆ ಬಂದವು. ನೀರಿನಲ್ಲೂ ನೆಲದಲ್ಲೂ ಸಾಗುವ ಡಿಯುಕೆಡಬ್ಲ್ಯು ಟ್ರಕ್ಕಿನಲ್ಲಿ ಚಾಲಕ ಕುಳಿತಲ್ಲಿಂದಲೇ ಟೈರಿನ ಗಾಳಿ ಏರಿಸಿ ಇಳಿಸಬಹುದಿತ್ತು. ಗಾಳಿ ಇಳಿಸಿದರೆ ಟೈರ್ ನೆಲದ ಮೇಲೆ ಅಗಲವಾಗಿ ಹರಡಿ ಕಡಿಮೆ ಹೂಳುತ್ತದೆ. ಹಲ್ಲಿನಷ್ಟೇ ಗಾಳಿಯೂ ಮುಖ್ಯ ಎಂಬುದು ಅಲ್ಲಿಂದ ಖಚಿತವಾಯಿತು.

ನೈಲಾನ್ ಮತ್ತು ರೇಡಿಯಲ್

ಭಾರತದಲ್ಲಿ ಡನ್‌ಲಪ್ 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಕಾರ್ಖಾನೆ ತೆರೆಯಿತು. ಮದ್ರಾಸಿನಲ್ಲಿ 1946ರಲ್ಲಿ ಆಟಿಕೆ ಬಲೂನಿನಿಂದ ಶುರುವಾದ ಎಂಆರ್‌ಎಫ್, 1978ರಲ್ಲಿ ಸೂಪರ್‌ಲಗ್-78 ತಂದಿತು. ಆ ಕಾಲದ ಲಾರಿಗಳ ಪದ್ಧತಿ ಈಗಲೂ ಪೂರ್ತಿ ಅಳಿದಿಲ್ಲ: ಮುಂದೆ ಉದ್ದಗೀರಿನ ರಿಬ್, ಹಿಂದೆ ಅಡ್ಡಹಲ್ಲಿನ ಲಗ್. ಮುಂದಿನ ಗಾಲಿ ದಾರಿ ತೋರಬೇಕು, ಹಿಂದಿನದು ಭಾರ ತಳ್ಳಬೇಕು. ಇವು ನೈಲಾನ್ ದಾರದ ಪದರಗಳನ್ನು ಓರೆಯಾಗಿ ಹೆಣೆದ ಟೈರುಗಳು. ಪಕ್ಕದ ಗೋಡೆ ದಪ್ಪ, ಕಲ್ಲಿಗೆ ಬೇಗ ಹರಿಯುವುದಿಲ್ಲ. ಆದರೆ ಓಡಿದಷ್ಟೂ ಕಾಯುತ್ತವೆ.

ಇದಕ್ಕೆ ಉತ್ತರವಾದ ರೇಡಿಯಲ್ ಟೈರಿಗೆ ಮಿಶೆಲಿನ್ 1946ರಲ್ಲಿ ಪೇಟೆಂಟ್ ಪಡೆದಿತ್ತು. ಅದರಲ್ಲಿ ದಾರಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರ. ಮೇಲೆ ಉಕ್ಕಿನ ಪಟ್ಟಿ. ಶಾಖ ಕಡಿಮೆ, ಡೀಸೆಲ್ ಉಳಿತಾಯ, ಬಾಳಿಕೆ ಹೆಚ್ಚು. ನಮ್ಮ ಲಾರಿಗಳಿಗೆ ಇದು ಹಿಡಿಸಲು ದಶಕಗಳೇ ಬೇಕಾದವು. ಕಾರಣ, ರಸ್ತೆ ಕೆಟ್ಟದ್ದು, ಹೇರು ಮಿತಿ ಮೀರಿದ್ದು. ಮೈಸೂರಿನಲ್ಲಿ ರಾಜ್ಯ ಸರ್ಕಾರದ ಬೆಂಬಲದಿಂದ ಬೆಳೆದ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆಕೆ ಕೈಗೆ ಹೋದ ಮೇಲೆ ಅಲ್ಲಿ ಲಾರಿ ರೇಡಿಯಲ್‌ಗಳು ತಯಾರಾದವು. ಸುವರ್ಣ ಚತುಷ್ಪಥ ಹೆದ್ದಾರಿ ಹುಬ್ಬಳ್ಳಿ-ಧಾರವಾಡದ ಮೂಲಕ ಹಾದ ಮೇಲೆ ಲೆಕ್ಕ ತಿರುಗಿತು. ದೂರದ ಓಟಕ್ಕೆ ರೇಡಿಯಲ್ಲೇ ಗತಿಯಾಯಿತು.

ಕೆಸರಿಗೂ ರೇಡಿಯಲ್ ಬಂತು. ಅಮೆರಿಕದ ಬಿಎಫ್ ಗುಡ್‌ರಿಚ್ 1976ರಲ್ಲಿ ಪಿಕಪ್, ಜೀಪುಗಳಿಗೆ ಆಲ್-ಟೆರೇನ್ ರೇಡಿಯಲನ್ನೂ 1980ರಲ್ಲಿ ಮಡ್-ಟೆರೇನನ್ನೂ ಮಾರುಕಟ್ಟೆಗೆ ಬಿಟ್ಟಿತು. ಇಂದು ಬೊಲೆರೊ ಪಿಕಪ್ಪಿನವರು ಕೇಳುವ ‘ಎಟಿ’, ‘ಎಂಟಿ’ ಭೇದ ಅಲ್ಲಿಂದ ಬಂದದ್ದು.

ಅದಿರಿನ ವರ್ಷಗಳು

ಲಾರಿಯ ಎರಡೂ ಬಗೆಯ ಟೈರುಗಳ ಕಠಿಣ ಪರೀಕ್ಷೆ ನಡೆದದ್ದು 2000ರ ದಶಕದಲ್ಲಿ. ಸಂಡೂರಿನ ಗಣಿಯಿಂದ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಬೇಲೆಕೇರಿ, ಕಾರವಾರ ಬಂದರಿಗೆ ಕಬ್ಬಿಣದ ಅದಿರು ಲಾರಿಗಳ ಸಾಲು ಹರಿಯಿತು. ಗಣಿಯ ಕಲ್ಲುದಾರಿಯಲ್ಲಿ ರೇಡಿಯಲ್ಲಿನ ತೆಳು ಗೋಡೆ ಸೀಳುತ್ತಿತ್ತು. ಹೆದ್ದಾರಿಯಲ್ಲಿ ಅತಿಭಾರ ಹೊತ್ತ ನೈಲಾನ್ ಲಗ್ ಕಾದು ಪದರ ಬಿಡುತ್ತಿತ್ತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿದಾಗ ಆ ಸಾಲು ಕರಗಿತು. ಗಣಿ, ಕ್ವಾರಿಯ ಟಿಪ್ಪರಿಗೆ ನೈಲಾನ್ ಲಗ್, ಹೆದ್ದಾರಿ ಲಾರಿಗೆ ರೇಡಿಯಲ್ ರಿಬ್ ಎಂಬ ವಿಂಗಡಣೆಗೆ ಈ ಪೆಟ್ಟುಗಳೂ ಆಧಾರ.

ಎರಿಯ ಬೇರೆ ನ್ಯಾಯ

ಆದರೆ ಹೊಲಕ್ಕಿಳಿಯುವ ಲಾರಿ ಈ ವಿಂಗಡಣೆಯಲ್ಲಿ ಕೂರುವುದಿಲ್ಲ. ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಜಲ್ಲಿ, ಮರಳಿನ ಅಂಶವಿದೆ. ನೀರು ಬಸಿಯುತ್ತದೆ, ಸಾಧಾರಣ ಹಲ್ಲೂ ಹಿಡಿಯುತ್ತದೆ. ಎರಿಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಅಂಟುತ್ತದೆ. ಹಲ್ಲಿನ ಸಂದು ಕಿರಿದಾಗಿದ್ದರೆ ನಾಲ್ಕು ಸುತ್ತಿಗೇ ತುಂಬಿ, ಟೈರ್ ನುಣ್ಣನೆಯ ಕರಿ ಉರುಳೆಯಾಗುತ್ತದೆ. ಆಗ ಹಲ್ಲು ಎಷ್ಟು ಆಳವಿದ್ದರೂ ಒಂದೇ. ಹೊಲದಿಂದ ಡಾಂಬರಿಗೆ ಹತ್ತಿದ ಲಾರಿಯ ಹಿಂದೆ ನಿಂತು ನೋಡಿ: ಸ್ವಲ್ಪ ದೂರದಲ್ಲೇ ಹೆಂಟೆಗಳು ಸಿಡಿದು ಗೀರುಗಳು ಖಾಲಿಯಾದರೆ ಆ ಟೈರ್ ಎರಿಗೆ ಸರಿ. ಉಂಡೆಗಟ್ಟಿ ಹಾಗೇ ಉಳಿದರೆ ಅಲ್ಲ. ಎರಿಗೆ ಬೇಕಾದದ್ದು ಅಂಚಿನವರೆಗೆ ತೆರೆದ ಅಗಲ ಸಂದು.

ಅದೇ ಅಗಲ ಸಂದು ಹೆದ್ದಾರಿಯಲ್ಲಿ ತೆರಿಗೆ ಕಟ್ಟಿಸುತ್ತದೆ. ನೆಲಕ್ಕೆ ತಾಗುವ ರಬ್ಬರ್ ಕಡಿಮೆ, ಎತ್ತರದ ಹಲ್ಲು ಬಾಗಿ ಸವೆಯುತ್ತದೆ, ಗದ್ದಲ ಹೆಚ್ಚು, ಮಳೆಯ ಡಾಂಬರಿನ ಮೇಲೆ ಬ್ರೇಕ್ ಹಿಡಿತ ಕುಂದುತ್ತದೆ. ವರ್ಷದ ಬಹುಪಾಲು ಬೈಪಾಸಿನಲ್ಲಿ ಓಡುವ ಲಾರಿಗೆ ಎಲ್ಲ ಗಾಲಿಗೂ ಕೆಸರು ಟೈರ್ ಹಾಕುವುದು ಕೆಲವು ವಾರಗಳ ಕಷ್ಟಕ್ಕೆ ವರ್ಷವಿಡೀ ದಂಡ ತೆತ್ತಂತೆ.

ಮಧ್ಯದ ದಾರಿ ಮಾಲೀಕರ ರೂಢಿಯಲ್ಲೇ ಇದೆ. ಹೊಸ ರಿಬ್ ಟೈರ್ ಮುಂದೆ ಓಡಿ ಸವೆದ ಮೇಲೆ, ಒಡಲು ಗಟ್ಟಿಯಿದ್ದರೆ ಲಗ್ ಅಚ್ಚಿನಲ್ಲಿ ರಿಸೋಲ್ (ಹೊಸ ರಬ್ಬರ್ ಮೇಲ್ಪದರ) ಮಾಡಿಸಿ ಹಿಂದಿನ ಜೋಡಿಗಾಲಿಗೆ ಹಾಕುತ್ತಾರೆ. ರಿಸೋಲ್ ಎಂದರೆ ಕಡಿಮೆ ಬೆಲೆಯ ಟೈರ್ ಮಾತ್ರವಲ್ಲ. ಅದು ಹಲ್ಲು ಆರಿಸಲು ಸಿಗುವ ಎರಡನೇ ಅವಕಾಶ. ಒಂದೇ ಆಕ್ಸಲ್‌ಗೆ ರೇಡಿಯಲ್, ನೈಲಾನ್ ಬೆರೆಸಬಾರದು. ಹೊಲಕ್ಕೆ ಗಾಳಿ ಇಳಿಸಿದರೆ ಹೆದ್ದಾರಿಗೆ ಮುನ್ನ ತುಂಬಲೇಬೇಕು. ಜೋಡಿಗಾಲಿಯ ನಡುವೆ ಸಿಕ್ಕ ಕಲ್ಲನ್ನು ಕ್ಲೀನರ್ ಕಂಬಿಯಿಂದ ಎಬ್ಬಿಸಬೇಕು. ಗೀರಿನ ಆಳ 1.6 ಮಿಲಿಮೀಟರ್‌ಗಿಂತ ಕೆಳಗಿಳಿದರೆ ಕಾನೂನು ಒಪ್ಪದು. ಎರಿ ಅದಕ್ಕೂ ಬಹಳ ಮೊದಲೇ ಒಪ್ಪದು.

ಇನ್ನೂ ಅಳೆಯದ ಗುಣ

2022ರಲ್ಲಿ ಕೇಂದ್ರ ಸರ್ಕಾರ ಟೈರುಗಳಿಗೆ ಎಐಎಸ್-142 ಮಾನದಂಡವನ್ನು ಕಡ್ಡಾಯಗೊಳಿಸುವ ಅಧಿಸೂಚನೆ ಹೊರಡಿಸಿತು. ಅದು ಅಳೆಯುವುದು ಮೂರನ್ನು: ಉರುಳುವ ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ, ಉರುಳುವ ಸದ್ದು. ಮೂರೂ ಡಾಂಬರಿನ ಗುಣಗಳು, ಕೆಸರಿಗೆ ಅಂಕವಿಲ್ಲ. ಹೀಗಾಗಿ ಎಂಟಿ ಎಂಬ ಅಕ್ಷರ ನಂಬಿ ಕೊಂಡವನು ಯಾವ ಮಣ್ಣಿನ ಕೆಸರು ಎಂದು ಕೇಳುವಂತಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಎರಿಯ ಸ್ವಭಾವ ಗೊತ್ತು. ಹುಬ್ಬಳ್ಳಿಯ ಬಿವಿಬಿ ಕಾಲೇಜಿನಿಂದ ಬೆಳೆದ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರುಗಳಿದ್ದಾರೆ. ಯಾವ ಟೈರ್ ಎಲ್ಲಿ ಹೂಳುತ್ತದೆಂಬುದು ಚಾಲಕರಿಗೆ ಗೊತ್ತು. ಮೂವರೂ ಸೇರಿ ಒಂದು ಮಳೆಗಾಲ ಎರಿಯಲ್ಲೂ ಮಸಾರಿಯಲ್ಲೂ ನಾಲ್ಕಾರು ಬಗೆಯ ಹಲ್ಲುಗಳನ್ನು ಎಳೆದು ನೋಡಿದರೆ, ಅಮೆರಿಕದ ಕೆಸರಿಗೆ ಹುಟ್ಟಿದ ಹೆಸರುಗಳ ಬದಲು ಇಲ್ಲಿನ ಮಣ್ಣಿನ ಲೆಕ್ಕದಲ್ಲಿ ಟೈರ್ ಆರಿಸಲು ಸಾಧ್ಯವಾದೀತು.