ಪದಬಂಧದಿಂದ ಫ್ಯಾಂಟಸಿ ಟೀಮ್‌ವರೆಗೆ

ಐಪಿಎಲ್ ಬಂತೆಂದರೆ ಕೊಳ್ಳೇಗಾಲ, ಹನೂರು, ಯಳಂದೂರು ಎಲ್ಲಾ ಕಡೆ ಹುಡುಗರದ್ದು ಒಂದೇ ಮಾತಿತ್ತು: 'ಟೀಮ್ ಕಟ್ಟಿದ್ಯಾ?' 49 ರೂಪಾಯಿ ಹಾಕಿ ಕೋಟಿ ಗೆಲ್ಲೋ ಆಸೆ. ಇದು ಮೊಬೈಲ್ ತಂದ ಹೊಸ ಹುಚ್ಚು ಅಂದ್ಕೊಂಡ್ರಾ? ಅಲ್ಲ ವೀಕ್ಷಕರೇ.

1950ರ ದಶಕದಲ್ಲಿ ಬೆಂಗಳೂರಿನಿಂದ ಬರುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಪತ್ರಿಕೆಯಲ್ಲಿ ಆರ್‌ಎಂಡಿಸಿ ಪದಬಂಧ ನಡೆಯುತ್ತಿತ್ತು. ಶುಲ್ಕ ಕಟ್ಟು, ಪದ ತುಂಬು, ಬಹುಮಾನ ಗೆಲ್ಲು. ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. ಕೊಳ್ಳೇಗಾಲ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಐದೇ ತಿಂಗಳು. 1957ರ ಏಪ್ರಿಲ್ 9ರಂದು ಕೋರ್ಟು ಹೇಳಿತು: ಈ ಪದಬಂಧ ಜೂಜು, ಜೂಜಿಗೆ ವ್ಯಾಪಾರದ ಹಕ್ಕಿಲ್ಲ. ಜತೆಗೇ ಇನ್ನೊಂದು ಮಾತು: ಕೌಶಲವೇ ಮುಖ್ಯವಾದ ಸ್ಪರ್ಧೆ ಜೂಜಲ್ಲ.

ಆ ಎರಡನೇ ಮಾತನ್ನೇ ಆ್ಯಪ್‌ಗಳು ಹಿಡಿದುಕೊಂಡವು. ಅಮೆರಿಕದಲ್ಲಿ 1980ರಲ್ಲಿ ಗೆಳೆಯರು ಬೇಸ್‌ಬಾಲ್‌ಗೆ ಕಟ್ಟಿದ ಕಾಲ್ಪನಿಕ ಟೀಮಿನ ಆಟ ಇಲ್ಲಿ ಕ್ರಿಕೆಟ್ ಆಯ್ತು. 2021ರಲ್ಲಿ ಕರ್ನಾಟಕ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿ ರದ್ದುಮಾಡಿತು. 2025ರ ಆಗಸ್ಟ್ 22ರಂದು ಕೇಂದ್ರದ ಕಾಯ್ದೆಗೆ ಅಂಕಿತ ಬಿತ್ತು: ಕೌಶಲವೋ ಅದೃಷ್ಟವೋ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟವೇ ಬೇಡ.

ಎಂಜಿನಿಯರಿಂಗ್ ಓದಿದವನಾಗಿ ಒಂದು ಲೆಕ್ಕ ಹೇಳ್ತೀನಿ. ಆಟದ ನಿಯಮ ಬದಿಗಿಟ್ಟರೆ, 22 ಜನರಲ್ಲಿ 11 ಮಂದಿಯನ್ನು ಆರಿಸಲು 7,05,432 ದಾರಿ ಇವೆ. ಕ್ಯಾಪ್ಟನ್ ಆಯ್ಕೆ ಬೇರೆ! ಕ್ರಿಕೆಟ್ ಎಷ್ಟು ಗೊತ್ತಿದ್ದರೂ ಮೊದಲ ಸ್ಥಾನ ಯಾರ ಕೈಲಿದೆ ಹೇಳಿ?

ಕಾಯ್ದೆ ಬಂದರೂ ಹೊಸ ಹೆಸರಿನ ಲಿಂಕ್ ನಿಮ್ಮ ಮಗನ ಫೋನಿಗೆ ಬರಬಹುದು. ಬೈಯಬೇಡಿ. ಜತೆಗೆ ಕೂತು ಈ ಲೆಕ್ಕ ತೋರಿಸಿ.