ಪರರಿಗಾಗಿ ಮೊಣಕಾಲೂರುವುದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ತೆಂಗಿನ ಸೀಮೆಯಲ್ಲಿ ಕಥೋಲಿಕ ಕುಟುಂಬಗಳು ವಿರಳ. ಹಲವು ಜಾತಿಮತಗಳ ನೆರೆಹೊರೆಯವರ ನಡುವೆ ಬಾಳುವ ಸಣ್ಣ ಸಮುದಾಯಕ್ಕೆ ಪರರಿಗಾಗಿ ಪ್ರಾರ್ಥಿಸುವುದು ಹೊಸತಲ್ಲ. ಆದರೆ ಆ ಪ್ರಾರ್ಥನೆಗೂ ಒಂದು ಇತಿಹಾಸವಿದೆ. ಅದರಲ್ಲಿ ನಾವು ತಲೆತಗ್ಗಿಸಬೇಕಾದ ಅಧ್ಯಾಯವೂ ಒಂದಿದೆ. ಶತಮಾನೋತ್ಸವದ ಈ ಸಂದರ್ಭದಲ್ಲಿ ಅದನ್ನು ನೆನೆಯುವುದು ಉಚಿತವೆಂದು ಭಾವಿಸುತ್ತೇನೆ.

ಕಫೆರ್ನವುಮಿನ ಶತಾಧಿಪತಿಯ ವೃತ್ತಾಂತವನ್ನು ಎಲ್ಲರೂ ಬಲ್ಲರು. ನೂರು ಮಂದಿ ಯೋಧರಿಗೆ ಅಧಿಪತಿಯಾದ ಆತ ಬೇಡಿದ್ದು ತನಗಾಗಿಯಲ್ಲ, ಸಾವಿನಂಚಿನಲ್ಲಿದ್ದ ತನ್ನ ಆಳಿಗಾಗಿ. ಪ್ರಭು ತನ್ನ ಮನೆಗೆ ಬರಲು ತಾನು ಅಪಾತ್ರನೆಂದೂ, ಅವರ ಒಂದು ಮಾತೇ ಸಾಕೆಂದೂ ಅರಿಕೆ ಮಾಡಿಕೊಂಡ. ಪರಮಪ್ರಸಾದ ಸ್ವೀಕರಿಸುವ ಮುನ್ನ ನಾವಾಡುವ ಮಾತಿನ ಮೂಲ ಅದೇ. ಸಂತ ಲೂಕರು ಇನ್ನೊಂದು ಸಂಗತಿಯನ್ನು ತಿಳಿಸುತ್ತಾರೆ. ಆತನ ಪರವಾಗಿ ಪ್ರಭುವಿನ ಬಳಿ ಹೋಗಿ ಅಂಗಲಾಚಿದವರು ಯೆಹೂದ್ಯರ ಹಿರಿಯರು. ಅನ್ಯಜನಾಂಗದವನೊಬ್ಬನಿಗಾಗಿ ಯೆಹೂದ್ಯರು ಬೇಡಿದರು. ಇದನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು.

ಆದಿ ಧರ್ಮಸಭೆಯಲ್ಲಿ ಇಂಥ ಪ್ರಾರ್ಥನೆ ಆರಾಧನೆಯ ಅಂಗವೇ ಆಗಿತ್ತು. ಅರಸರಿಗಾಗಿಯೂ ಅಧಿಕಾರಿಗಳಿಗಾಗಿಯೂ ಪ್ರಾರ್ಥಿಸಬೇಕೆಂದು ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರ ವಿಧಿಸುತ್ತದೆ. ಆ ಅರಸರಾದರೋ ಕ್ರೈಸ್ತರಲ್ಲ. ಭಾನುವಾರದ ಸಭೆಯಲ್ಲಿ ವಾಚನ, ಪ್ರಬೋಧನೆಗಳ ಬಳಿಕ ಎಲ್ಲರೂ ಎದ್ದುನಿಂತು ಪ್ರಾರ್ಥಿಸುತ್ತಿದ್ದರೆಂದು ಸಂತ ಜಸ್ಟಿನರು ಸುಮಾರು 155ರಲ್ಲಿ ಬರೆದರು. ಕಾಲಕ್ರಮದಲ್ಲಿ ರೋಮನ್ ವಿಧಿಯ ಪೂಜೆಯಿಂದ ಈ ಪದ್ಧತಿ ಮರೆಯಾಗಿ, ಶುಭ ಶುಕ್ರವಾರದ ಘನ ಪ್ರಾರ್ಥನೆಗಳಲ್ಲಿ ಮಾತ್ರ ಉಳಿಯಿತು.

ಆ ಲಜ್ಜೆಯ ಅಧ್ಯಾಯ ಇಲ್ಲಿಯೇ ಇದೆ. ಅಂದಿನ ಕೋರಿಕೆಗಳಿಗೆ ಸಭೆ ಮೊಣಕಾಲೂರುತ್ತಿತ್ತು. ಯೆಹೂದ್ಯರಿಗಾಗಿ ಪ್ರಾರ್ಥಿಸುವಾಗ ಮಾತ್ರ ಶತಮಾನಗಳ ಕಾಲ ಊರಲಿಲ್ಲ. ಸಾಲದೆಂಬಂತೆ, ಅವರನ್ನು ವಿಶ್ವಾಸಹೀನರೆಂದು ಕರೆಯುವ ಲತೀನ್ ವಿಶೇಷಣವೂ ಆ ಪ್ರಾರ್ಥನೆಯಲ್ಲಿತ್ತು. ಶತಾಧಿಪತಿಗಾಗಿ ಬೇಡಿದವರ ಸಂತತಿಗೆ ನಾವು ತೋರಿದ ಕೃತಜ್ಞತೆ ಇದು! ಜಗದ್ಗುರು ಹನ್ನೆರಡನೇ ಪಿಯುಸ್ 1955ರ ಸುಧಾರಣೆಯಲ್ಲಿ ಮೊಣಕಾಲೂರುವುದನ್ನು ಮರಳಿ ತಂದರು. 1959ರಲ್ಲಿ ಜಗದ್ಗುರು ಇಪ್ಪತ್ತಮೂರನೇ ಜಾನ್ ಆ ವಿಶೇಷಣವನ್ನು ತೆಗೆಸಿದರು. 1970ರ ಪೂಜಾಗ್ರಂಥದಲ್ಲಿ ಇಡೀ ಪ್ರಾರ್ಥನೆಯನ್ನೇ ಹೊಸದಾಗಿ ಬರೆಯಲಾಯಿತು. ಪರರಿಗಾಗಿ ಬೇಡುವವನು ಅವರಿಗಿಂತ ಎತ್ತರದಲ್ಲಿ ನಿಂತು ಬೇಡಿದರೆ ಅದು ಪ್ರಾರ್ಥನೆಯಾಗದೆ ದೂರಾಗುತ್ತದೆಂಬುದನ್ನು ಧರ್ಮಸಭೆ ಇಷ್ಟು ತಡವಾಗಿ ಒಪ್ಪಿಕೊಂಡಿತು.

ನಮ್ಮ ಕಡೆಗೆ ಬಂದರೆ, ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ಸೀಮೆಯಲ್ಲಿ ದುಡಿದ ಅಬ್ಬೆ ದುಬುವಾ ನೆನಪಾಗುತ್ತಾರೆ. ನೆರೆಯ ಹಾಸನ ಸೀಮೆಯ ಸಾತಹಳ್ಳಿಯಲ್ಲಿ ಕ್ರೈಸ್ತ ಬೇಸಾಯಗಾರರನ್ನು ನೆಲೆಗೊಳಿಸಿದವರು ಅವರೇ. ಹಿಂದೂ ಜನ ಕ್ರೈಸ್ತರಾಗುವರೆಂಬ ಆಸೆ ಅವರಿಗೆ ಉಳಿದಿರಲಿಲ್ಲ. 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅದನ್ನು ಮುಚ್ಚಿಡದೆ ಹೇಳಿದ್ದಾರೆ. ಆದರೂ 1803-04ರಲ್ಲಿ ಸಿಡುಬನ್ನು ತಡೆಯಲು ಅವರು 25,000ಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿದರು. ಇದನ್ನು ಕೈಗಳಿಂದ ಮಾಡಿದ ಪ್ರಾರ್ಥನೆಯೆಂದು ಕರೆಯಲು ನನಗೆ ಸಂಕೋಚವಿಲ್ಲ.

1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ 'ವಿಶ್ವಾಸಿಗಳ ಪ್ರಾರ್ಥನೆ'ಯನ್ನು ಬಲಿಪೂಜೆಗೆ ಮರಳಿಸಿತು. ಪೂಜಾಗ್ರಂಥ ಸೂಚಿಸುವ ಕ್ರಮದಲ್ಲಿ ಮೊದಲು ಧರ್ಮಸಭೆ, ಆಮೇಲೆ ನಾಡನ್ನಾಳುವವರು ಮತ್ತು ಲೋಕ, ಬಳಿಕ ಸಂಕಟದಲ್ಲಿರುವವರು. ಸ್ಥಳೀಯ ಸಮುದಾಯ ಕಡೆಗೆ. ನಮ್ಮಲ್ಲಿ ಈ ಕ್ರಮ ಆಗಾಗ ತಲೆಕೆಳಗಾಗುತ್ತದೆ. ಕೊಬ್ಬರಿ ಧಾರಣೆಗಾಗಿ ಬೇಡುವುದು ತಪ್ಪಲ್ಲ. ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಕಾಯಿ ಒಣಗಿಸಿ ತಿಪಟೂರಿನ ಮಾರುಕಟ್ಟೆಗೆ ತರುವವನಿಗೆ ಆ ಚಿಂತೆ ಸಹಜ. ಆದರೆ ಮರ ಹತ್ತಿ ಆ ಕಾಯಿ ಕೆಡವಿದ ಆಳು, ಅವನು ಯಾವ ಮತದವನೇ ಆಗಲಿ, ಶತಾಧಿಪತಿಯ ಆಳಿನಂತೆ ಹಾಸಿಗೆ ಹಿಡಿದಿದ್ದರೆ, ಭಾನುವಾರ ನಾವು ಓದುವ ಹಾಳೆಯಲ್ಲಿ ಅವನ ಹೆಸರು ಕಾಣಿಸುವುದು ಇನ್ನೂ ಅಪರೂಪ.